ಅಹಲ್ಯೆ, ಶಬರಿ (ಗೀತನಾಟಕಗಳು)

ಅಹಲ್ಯೆ ಮತ್ತು ಶಬರಿ, ಮೇಲುಕೋಟೆಯಲ್ಲಿ ಜನಿಸಿದ ಕವಿ ಪು.ತಿ. ನರಸಿಂಹಾಚಾರ್ (1905–1998) ರಾಮಾಯಣದ ಇಬ್ಬರು ಸ್ತ್ರೀಯರನ್ನು ಕೇಂದ್ರವಾಗಿಟ್ಟುಕೊಂಡು ರಚಿಸಿದ ಎರಡು ಗೀತನಾಟಕಗಳು. ಗೀತನಾಟಕವೆಂದರೆ ಕಥೆಯ ನಡೆಯನ್ನೂ ಪಾತ್ರಗಳ ಭಾವವನ್ನೂ ಮುಖ್ಯವಾಗಿ ಹಾಡಿನ ಮೂಲಕ ಸಾಗಿಸುವ ನಾಟಕಪ್ರಕಾರ. ಇದು ಪಾಶ್ಚಾತ್ಯ ಆಪೆರಾಕ್ಕೆ ಸಮೀಪವಾದರೂ ಪು.ತಿ.ನ. ಅವರಲ್ಲಿ ಇದರ ಆಧಾರ ಕರ್ನಾಟಕ ಸಂಗೀತದ ರಾಗಪದ್ಧತಿ, ಮತ್ತು ಸ್ವತಃ ಸಂಗೀತಜ್ಞರಾಗಿದ್ದ ಅವರು ಹೊಸ ರಾಗಗಳನ್ನೂ ಕಲ್ಪಿಸಿದರು. ಎರಡರಲ್ಲಿ ಹೆಚ್ಚು ಸಂಕೀರ್ಣವಾದ ಅಹಲ್ಯೆಯಲ್ಲಿ ಇಂದ್ರನು ಕಾಮವನ್ನೂ ಗೌತಮನು ತಪೋಧರ್ಮವನ್ನೂ ಪ್ರತಿನಿಧಿಸುತ್ತಾರೆ. ಇವುಗಳ ಸೆಳೆತಕ್ಕೆ ಸಿಕ್ಕ ನಾಯಕಿಯು ಪುರಾಣದ ಶಾಪಗ್ರಸ್ತೆ ಮಾತ್ರವಾಗಿ ಉಳಿಯದೆ ಅಂತರಂಗದ ತುಮುಲವುಳ್ಳ ವ್ಯಕ್ತಿಯಾಗುತ್ತಾಳೆ. ಶಬರಿಯ ವಸ್ತು ರಾಮನಿಗಾಗಿ ಕಾಯುವಿಕೆ. ಇದೇ ಪ್ರಕಾರದ ಗೋಕುಲ ನಿರ್ಗಮನವೂ ಇವರದೇ; ಹಂಸದಮಯಂತಿ ಮತ್ತು ಇತರ ರೂಪಕಗಳು ಕೃತಿಗೆ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು.