ಸಹಕಾರ ಮತ್ತು ಸ್ಪರ್ಧೆ: ಸಿಕಂದರಾಬಾದಿನ ಹಾಲು ಮಾರುಕಟ್ಟೆ

ಒಂದೇ ಅಗತ್ಯವುಳ್ಳವರು ಷೇರು ಹಾಕಿ, ಲಾಭನಷ್ಟಗಳನ್ನು ಹಂಚಿಕೊಂಡು ನಡೆಸುವ ವ್ಯವಹಾರ ಸಹಕಾರ. ಒಂದೇ ಸರಕಿಗಾಗಿ ಅಥವಾ ಒಂದೇ ಗಿರಾಕಿಗಾಗಿ ಹಲವರು ಪೈಪೋಟಿಗಿಳಿಯುವುದು ಸ್ಪರ್ಧೆ. ಇವೆರಡನ್ನೂ ಪರಸ್ಪರ ವಿರೋಧಿಗಳೆಂದು ಬಗೆಯುವುದು ರೂಢಿ. ಹಾಲಿನ ವ್ಯಾಪಾರ ಈ ರೂಢಿಗೆ ಒಗ್ಗುವುದಿಲ್ಲ. ಹಳ್ಳಿಯಲ್ಲಿ ರೈತರು ಒಂದಾದುದರಿಂದಲೇ ಪೇಟೆಯಲ್ಲಿ ನಿಜವಾದ ಪೈಪೋಟಿ ಹುಟ್ಟಿತು. ಇದನ್ನು ತಿಳಿಯಲು ಸಿಕಂದರಾಬಾದ್ ಒಳ್ಳೆಯ ಜಾಗ. ಇಲ್ಲಿನ ಲಾಲಾಪೇಟೆಯಲ್ಲಿ ‘ವಿಜಯ’ ಹೆಸರಿನಲ್ಲಿ ಹಾಲು ಮಾರುವ ತೆಲಂಗಾಣ ಸಹಕಾರ ಮಹಾಮಂಡಳದ ನೆಲೆಯಿದೆ. ಅದರ ಸುತ್ತ, ಹೈದರಾಬಾದ್–ಸಿಕಂದರಾಬಾದ್ ಅವಳಿ ನಗರಗಳಲ್ಲಿ, ದೇಶದ ಕೆಲವು ದೊಡ್ಡ ಖಾಸಗಿ ಡೇರಿಗಳು ಬೆಳೆದಿವೆ. ಕರ್ನಾಟಕದ ಸಹಕಾರಿ ಮಹಾಮಂಡಳದ ‘ನಂದಿನಿ’ ಹಾಲೂ ಇಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ.

ಹಿನ್ನೆಲೆ

ಕರೆದ ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ಜೋಳವನ್ನು ಹಗೇವಿನಲ್ಲಿಟ್ಟು ಬೆಲೆಗಾಗಿ ಕಾಯುವಂತೆ ಹಾಲನ್ನಿಟ್ಟು ಕಾಯಲಾಗದು. ಊರಿನಲ್ಲಿ ಕೊಳ್ಳುವವನು ಒಬ್ಬನೇ ಆದರೆ ಅವನು ಹೇಳಿದ್ದೇ ದರ, ಅವನು ಅಳೆದದ್ದೇ ಅಳತೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಪೋಲ್ಸನ್ ಕಂಪನಿಯ ಇಂಥ ಏಕಸ್ವಾಮ್ಯದ ವಿರುದ್ಧ ರೈತರು 1946ರಲ್ಲಿ ಕಟ್ಟಿದ ಒಕ್ಕೂಟವೇ ಮುಂದೆ ಅಮುಲ್ ಆಯಿತು. ಕನ್ನಡನಾಡಿಗೆ ಸಹಕಾರ ಹೊಸದೇನಲ್ಲ. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತ್ತು. ಹೈನುಗಾರಿಕೆಗೆ ಆ ಚೌಕಟ್ಟು ಬಂದದ್ದು ತಡವಾಗಿ. ಕರ್ನಾಟಕದಲ್ಲಿ 1974ರಲ್ಲಿ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ, 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳವಾಯಿತು. ಆಂಧ್ರಪ್ರದೇಶವೂ ಅದೇ ಹಾದಿ ಹಿಡಿಯಿತು: 1974ರಲ್ಲಿ ನಿಗಮ, 1981ರಲ್ಲಿ ಮಹಾಮಂಡಳ. 2014ರ ರಾಜ್ಯ ವಿಭಜನೆಯ ಬಳಿಕ ಲಾಲಾಪೇಟೆಯ ಸಂಸ್ಥೆ ತೆಲಂಗಾಣದ್ದಾಯಿತು.

ವಿಭಜನೆ ಒಂದು ವಿಚಿತ್ರ ತೊಡಕನ್ನೂ ತಂದಿತು. ‘ವಿಜಯ’ ಹೆಸರನ್ನು ಆಂಧ್ರದ ಕೆಲವು ಜಿಲ್ಲಾ ಒಕ್ಕೂಟಗಳೂ ಬಳಸುತ್ತಿದ್ದುದರಿಂದ ಅದೇ ಹೆಸರಿನ ಬೇರೆ ಬೇರೆ ಪ್ಯಾಕೆಟ್‌ಗಳು ಹೈದರಾಬಾದಿನ ಅಂಗಡಿಗಳಿಗೆ ಬಂದವು. ಒಂದು ಕಾಲಕ್ಕೆ ಒಂದೇ ಮನೆಯವರಾಗಿದ್ದ ಸಹಕಾರಿಗಳು ಹೆಸರಿಗಾಗಿ ಜಗಳವಾಡಬೇಕಾಯಿತು.

ಸಂಘದ ಬಲ

ಹಳ್ಳಿಯಲ್ಲಿ ಸಂಘ, ಜಿಲ್ಲೆಗೆ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳ ಎಂಬ ಮೂರು ಹಂತಗಳ ಏರ್ಪಾಡು ಎಲ್ಲೆಡೆ ಸುಮಾರು ಒಂದೇ. ಬೆಳಗ್ಗೆ, ಸಂಜೆ ರೈತರು ಡೇರಿಗೆ ಹಾಲು ಹಾಕುತ್ತಾರೆ. ಹಾಲಿನ ಕೊಬ್ಬಿನಂಶ (ಫ್ಯಾಟ್) ಮತ್ತು ಲ್ಯಾಕ್ಟೋಮೀಟರಿನ ಡಿಗ್ರಿ ನೋಡಿ ದರ ಕಟ್ಟಲಾಗುತ್ತದೆ. ನಿಗದಿತ ದಿನಕ್ಕೆ ಬಟವಾಡೆ, ಲಾಭ ಬಂದ ವರ್ಷ ಬೋನಸ್. ಇದರೊಂದಿಗೆ ಪಶು ಆಹಾರ, ಕೃತಕ ಗರ್ಭಧಾರಣೆ, ಪಶುವೈದ್ಯರ ನೆರವು ದೊರೆಯುತ್ತದೆ. ಒಂದೆರಡು ಹಸುಗಳ ಮನೆ ಇವನ್ನೆಲ್ಲ ಒಂಟಿಯಾಗಿ ಹೊಂದಿಸಿಕೊಳ್ಳಲಾರದು. ಇದಕ್ಕಿಂತ ಮುಖ್ಯವಾದ ಸಂಗತಿ, ಸದಸ್ಯರು ತಂದ ಒಳ್ಳೆಯ ಹಾಲನ್ನು ಸಂಘ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ. ಹಸಿರು ಮೇವು ಹೆಚ್ಚಿ ಹಾಲು ಉಕ್ಕುವ ತಿಂಗಳುಗಳಲ್ಲಿ ಖಾಸಗಿಯವರು ಕೊಳ್ಳುವುದನ್ನು ತಗ್ಗಿಸಬಲ್ಲರು. ಸಹಕಾರಿ ಒಕ್ಕೂಟ ಮಾತ್ರ ಹೆಚ್ಚಾದುದನ್ನು ಪುಡಿಯಾಗಿ, ಬೆಣ್ಣೆಯಾಗಿ ಪರಿವರ್ತಿಸಿ ಹೊರೆ ಹೊರುತ್ತದೆ. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ದಿನದ ಸಂಗ್ರಹ 1 ಕೋಟಿ ಲೀಟರ್ ದಾಟಿದಾಗ ಸಂಭ್ರಮದ ಹಿಂದೆಯೇ ಇಷ್ಟು ಹಾಲನ್ನು ಮಾರುವುದೆಲ್ಲಿ ಎಂಬ ಚಿಂತೆಯೂ ಇತ್ತು.

ತೆಲಂಗಾಣದ ಮುಲ್ಕನೂರು ಬೇರೆ ಬಗೆಯ ನಿದರ್ಶನ. 1956ರಿಂದ ಅಲ್ಲಿ ಹೆಸರಾಂತ ಗ್ರಾಮೀಣ ಸಹಕಾರ ಸಂಘವಿದೆ. ಅದರ ನೆರೆಯಲ್ಲಿ 2000ದ ದಶಕದ ಆರಂಭದಲ್ಲಿ ಮಹಿಳೆಯರೇ ಸದಸ್ಯರಾಗಿರುವ ಹಾಲು ಒಕ್ಕೂಟ ಹುಟ್ಟಿ ‘ಸ್ವಕೃಷಿ’ ಹೆಸರಿನಲ್ಲಿ ಹಾಲು ಮಾರತೊಡಗಿತು. ಸರ್ಕಾರದ ಷೇರು, ಸರ್ಕಾರದ ಅಧಿಕಾರಿ ಎರಡನ್ನೂ ದೂರವಿಡಲು ಅವಕಾಶ ಕೊಟ್ಟ ಆಂಧ್ರದ 1995ರ ಪರಸ್ಪರ ನೆರವಿನ ಸಹಕಾರ ಸಂಘಗಳ ಕಾಯಿದೆ ಇಂಥ ಸಂಸ್ಥೆಗಳಿಗೆ ದಾರಿ ಮಾಡಿತು. ಕರ್ನಾಟಕದ 1997ರ ಸೌಹಾರ್ದ ಸಹಕಾರಿ ಕಾಯಿದೆಯ ಆಶಯವೂ ಅದೇ.

ಪೈಪೋಟಿಯ ಪ್ರವೇಶ

1991ರಲ್ಲಿ ಡೇರಿ ಉದ್ಯಮಕ್ಕೆ ಪರವಾನಗಿಯ ಕಟ್ಟು ಸಡಿಲವಾಯಿತು. ಮರುವರ್ಷವೇ ಹಾಲು ಮತ್ತು ಹಾಲಿನ ಉತ್ಪನ್ನಗಳ ಆದೇಶ ಹೊರಟು, ಯಾರು ಯಾವ ಪ್ರದೇಶದಲ್ಲಿ ಹಾಲು ಸಂಗ್ರಹಿಸಬೇಕೆಂಬ ಗಡಿಗಳನ್ನು ಎಳೆಯಿತು. 2002ರಲ್ಲಿ ಆ ಗಡಿಗಳೂ ಅಳಿದವು. ಹೈದರಾಬಾದಿನಲ್ಲಿ ‘ಜೆರ್ಸಿ’ ಹಾಲಿನ ಕ್ರೀಮ್‌ಲೈನ್ 1986ರಲ್ಲೇ ಆರಂಭವಾಗಿತ್ತು. 1992ರಲ್ಲಿ ಹೆರಿಟೇಜ್, 1995ರಲ್ಲಿ ದೊಡ್ಲ ಬಂದವು. ಇವು ಹಳ್ಳಿಗಳಲ್ಲಿ ಏಜೆಂಟರನ್ನಿಟ್ಟು, ಕೆಲವೆಡೆ ಮುಂಗಡ ಕೊಟ್ಟು, ಬಟವಾಡೆ ತಪ್ಪಿಸದೆ ರೈತರನ್ನು ಸೆಳೆದವು. ಸೋಮಾರಿಯಾಗಿದ್ದ ಸಹಕಾರಿ ಡೇರಿಗಳಿಗೆ ಈ ಬಿಸಿ ಬೇಕಾಗಿಯೇ ಇತ್ತು. ರಾಜಕಾರಣಿಗಳ ಹಿಡಿತ, ಬಾಕಿ ಉಳಿದ ಹಣ, ಹಳೆಯ ಯಂತ್ರಗಳಿಂದ ನರಳುತ್ತಿದ್ದ ಒಕ್ಕೂಟಗಳನ್ನು ರೈತರು ಸಹಕಾರ ತತ್ತ್ವದ ಮೇಲಿನ ಪ್ರೀತಿಗಾಗಿ ಸಹಿಸಿಕೊಳ್ಳಬೇಕಾಗಿರಲಿಲ್ಲ.

ಪೈಪೋಟಿಯೇ ಎಲ್ಲವನ್ನೂ ಸರಿಪಡಿಸಿತೆಂದೂ ಅಲ್ಲ; ಅದು ರೈತನಿಗೆ ಒಳಿತು ಮಾಡಲು ಸಹಕಾರಿಯೂ ಕಣದಲ್ಲಿರಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ಎಡ್ವಿನ್ ನೂರ್ಸ್ 1922ರಲ್ಲೇ ಇದಕ್ಕೊಂದು ತರ್ಕ ಕೊಟ್ಟಿದ್ದರು. ಅವರ ಪ್ರಕಾರ ಸಹಕಾರಿ ಸಂಸ್ಥೆ ಇಡೀ ಮಾರುಕಟ್ಟೆಯನ್ನು ಹಿಡಿಯಬೇಕಿಲ್ಲ; ತಕ್ಕಮಟ್ಟಿನ ಪಾಲು ಹೊಂದಿ ದಕ್ಷವಾಗಿ ನಡೆದರೆ ಅದೇ ಅಳತೆಗೋಲಾಗಿ, ಉಳಿದ ವ್ಯಾಪಾರಿಗಳು ಅದರ ದರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಹಾಲಿನಲ್ಲಿ ಇದರ ಅರ್ಥ ಸರಳ. ಸಹಕಾರಿ ಡೇರಿಯ ಬಾಗಿಲು ತೆರೆದಿರುವ ಊರಿನಲ್ಲಿ ಖಾಸಗಿಗೆ ಹಾಲು ಹಾಕುವ ರೈತನಿಗೂ ಅದರ ಲಾಭವುಂಟು, ಏಕೆಂದರೆ ಏಜೆಂಟ್ ದರ ಇಳಿಸಿದರೆ ಕ್ಯಾನು ಹೊತ್ತು ಹೋಗಲು ಇನ್ನೊಂದು ಜಾಗವಿದೆ. ಆಂಧ್ರದ ಚಿತ್ತೂರಿನಲ್ಲಿ ಸಹಕಾರಿ ಡೇರಿ 2002ರಲ್ಲಿ ಮುಚ್ಚಿದಾಗ ಅಲ್ಲಿನ ರೈತರು ಕಳೆದುಕೊಂಡದ್ದು ಈ ಇನ್ನೊಂದು ಜಾಗವನ್ನು.

ಸರ್ಕಾರದ ಕೈ

ಈ ಪೈಪೋಟಿ ಸಮಬಲದ್ದಲ್ಲ. 2014ರ ಕೊನೆಯಲ್ಲಿ ತೆಲಂಗಾಣ ಸರ್ಕಾರ ವಿಜಯಕ್ಕೆ ಹಾಲು ಹಾಕುವವರಿಗೆ ಲೀಟರಿಗೆ 4 ರೂಪಾಯಿ ಪ್ರೋತ್ಸಾಹಧನ ಘೋಷಿಸಿ, ಮುಂದೆ ಮುಲ್ಕನೂರಿನಂಥ ಸಹಕಾರಿಗಳಿಗೂ ವಿಸ್ತರಿಸಿತು. ಕರ್ನಾಟಕದಲ್ಲಿ 2008ರಲ್ಲಿ 2 ರೂಪಾಯಿಯಿಂದ ಆರಂಭವಾದ ಪ್ರೋತ್ಸಾಹಧನ 5 ರೂಪಾಯಿಗೆ ಏರಿತು. ಇತ್ತ ನಂದಿನಿಯ ಮಾರಾಟ ದರ ಸರ್ಕಾರದ ಒಪ್ಪಿಗೆಯಿಲ್ಲದೆ ಏರುವುದಿಲ್ಲ. 2025ರ ಏಪ್ರಿಲ್‌ನಲ್ಲಿ 4 ರೂಪಾಯಿ ಏರಿದ್ದೂ ಸಂಪುಟದ ತೀರ್ಮಾನದಿಂದ. ರೈತನಿಗೆ ಹಣ ಸೇರುವುದು ಒಳ್ಳೆಯದೇ. ಆದರೆ ದರ ಕಟ್ಟುವ ಅಧಿಕಾರ ಸದಸ್ಯರ ಸಭೆಯಿಂದ ವಿಧಾನಸೌಧಕ್ಕೆ ಹೋದಷ್ಟೂ ಸಂಸ್ಥೆ ಹೆಸರಿಗೆ ಮಾತ್ರ ಸಹಕಾರಿಯಾಗಿ ಉಳಿಯುತ್ತದೆ.

ಸಹಕಾರಿಗಳ ನಡುವಿನ ಸ್ಪರ್ಧೆ

ಸಹಕಾರಿಗಳು ಪರಸ್ಪರ ಸಹಕರಿಸಬೇಕೆಂಬುದು ಅಂತರರಾಷ್ಟ್ರೀಯ ಸಹಕಾರ ಮೈತ್ರಿಕೂಟದ ತತ್ತ್ವಗಳಲ್ಲೊಂದು. ಒಂದು ರಾಜ್ಯದ ಮಹಾಮಂಡಳ ಇನ್ನೊಂದರ ನೆಲದಲ್ಲಿ ತಾಜಾ ಹಾಲು ಮಾರಬಾರದೆಂಬ ಅಲಿಖಿತ ಒಡಂಬಡಿಕೆಯೂ ಬಹುಕಾಲ ಇತ್ತು. ಅದು ಬಹಿರಂಗವಾಗಿ ಮುರಿದದ್ದು 2023ರಲ್ಲಿ. ಏಪ್ರಿಲ್‌ನಲ್ಲಿ ಅಮುಲ್ ಬೆಂಗಳೂರಿನಲ್ಲಿ ಹಾಲು, ಮೊಸರು ಮಾರುವುದಾಗಿ ಹೇಳಿದಾಗ ಚುನಾವಣೆಯ ಕಾವಿನಲ್ಲಿದ್ದ ಕರ್ನಾಟಕ ಕೆರಳಿತು. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ನಂದಿನಿಯನ್ನೇ ಬಳಸುವುದಾಗಿ ಸಾರಿತು. ಅದೇ ವರ್ಷ ಕೇರಳದ ಸಹಕಾರಿ ಮಹಾಮಂಡಳ ಮಿಲ್ಮಾ ತನ್ನ ನೆಲದಲ್ಲಿ ನಂದಿನಿ ಮಳಿಗೆಗಳು ತೆರೆದುದಕ್ಕೆ ತಕರಾರು ತೆಗೆಯಿತು. ಬೆಂಗಳೂರಿನಲ್ಲಿ ಅಮುಲ್ ವಿರುದ್ಧ ಹೂಡಿದ ವಾದ ಕೇರಳದಲ್ಲಿ ನಂದಿನಿಗೇ ತಿರುಗಿತು.  ತಮಿಳುನಾಡು ಕೂಡ ಮೇ ತಿಂಗಳಲ್ಲಿ, ಅಮುಲ್ ತಮಿಳುನಾಡಿನ ರೈತರಿಂದ ಹಾಲು ಸಂಗ್ರಹಿಸುವುದನ್ನು ತಡೆಯಬೇಕೆಂದು ಕೇಂದ್ರವನ್ನು ಕೋರಿತು.

ಸಿಕಂದರಾಬಾದಿನಲ್ಲಿ ಇಂಥ ಕೂಗು ಅಷ್ಟಾಗಿ ಏಳಲಿಲ್ಲ. ಎಮ್ಮೆಹಾಲಿನ ಗಟ್ಟಿತನಕ್ಕೆ ಒಗ್ಗಿದ ಇರಾನಿ ಚಹಾದ ಊರಿದು. ಕೊಳ್ಳುವವರು ಹೆಸರಿಗಿಂತ ಕೆನೆ ನೋಡುತ್ತಾರೆ. ವಿಜಯ, ನಂದಿನಿ, ಅಮುಲ್‌ಗಳಂಥ ಸಹಕಾರಿಗಳು ಇಲ್ಲಿ ಖಾಸಗಿ ಡೇರಿಗಳ ಜೊತೆಗಷ್ಟೇ ಅಲ್ಲ, ತಮ್ಮತಮ್ಮೊಳಗೂ ಸೆಣಸುತ್ತವೆ. 2002ರ ಬಳಿಕ ಅವುಗಳ ನಡುವೆ ಗಡಿ ಹಾಕುವ ಕಾನೂನು ಇಲ್ಲ. ತಕರಾರು ಬಂದಾಗ ಮಹಾಮಂಡಳಗಳೂ ಮುಖ್ಯಮಂತ್ರಿಗಳೂ ಪತ್ರ ಬರೆದುಕೊಳ್ಳುವುದೇ ಸದ್ಯದ ದಾರಿ.