ಕೋಟೆಯ ನಗರದಲ್ಲೊಬ್ಬ ನಿತ್ಯದಾಸ

ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ, ಕೆರಿಬಿಯನ್ ಕಡಲ ದಂಡೆಯ ಮೇಲೆ ಕಾರ್ತಹೇನಾ ಎಂಬ ನಗರವಿದೆ. 1533ರಲ್ಲಿ ಸ್ಪೇನಿನ ಪೆದ್ರೊ ದೆ ಎರೆದಿಯಾ ಸ್ಥಾಪಿಸಿದ ಈ ಪಟ್ಟಣವು 1984ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕಡಲಿಗೆದುರಾದ ಕಲ್ಲಿನ ಕೋಟೆ, ಬಣ್ಣಬಣ್ಣದ ಗೋಡೆಗಳು, ಹೂಬಳ್ಳಿ ಇಳಿಬಿದ್ದ ಮರದ ಬಾಲ್ಕನಿಗಳು ಪ್ರವಾಸಿಯ ಕಣ್ಣಿಗೆ ಹಬ್ಬವೇ ಸರಿ.

ಆದರೆ ಗಡಿಯಾರ ಗೋಪುರದ ಹೆಬ್ಬಾಗಿಲನ್ನು ದಾಟಿದೊಡನೆ ಎದುರಾಗುವ ಚೌಕದಲ್ಲಿ ಕ್ಷಣಕಾಲ ನಿಲ್ಲಬೇಕು. ಇಂದು ಅದರ ಅಂಚಿನಲ್ಲಿ ಸಿಹಿತಿಂಡಿ ಮಾರುತ್ತಾರೆ. ಅಂದು ಅಲ್ಲಿ ಮನುಷ್ಯರನ್ನೇ ಮಾರುತ್ತಿದ್ದರು. ಆಫ್ರಿಕಾದಿಂದ ಸೆರೆತಂದವರನ್ನು ಇಳಿಸುತ್ತಿದ್ದ ಪ್ರಮುಖ ಬಂದರುಗಳಲ್ಲಿ ಇದೂ ಒಂದು. ನಾವು ಮೆಚ್ಚಿ ನೋಡುವ ಕೋಟೆಯ ಕಲ್ಲುಗಳಲ್ಲಿ ಅವರ ಬೆವರೂ ಬೆರೆತಿದೆ.

1610ನೆಯ ಇಸವಿ ಈ ನಗರಕ್ಕೆ ಇಬ್ಬಗೆಯ ಮುಖ ತೋರಿತು. ಆ ವರ್ಷ ಇಲ್ಲಿ ಧರ್ಮವಿಚಾರಣೆಯ ನ್ಯಾಯಪೀಠ ಸ್ಥಾಪನೆಯಾಯಿತು. ಅದೇ ವರ್ಷ ಯೇಸುಸಭೆಯ ಯುವಕ ಪೇತ್ರ ಕ್ಲಾವೆರ್ ಇಲ್ಲಿಗೆ ಬಂದಿಳಿದರು. 1616ರಲ್ಲಿ ಇಲ್ಲಿಯೇ ಗುರುದೀಕ್ಷೆ ಪಡೆದ ಅವರು, 1622ರಲ್ಲಿ ಅಂತಿಮ ವ್ರತದ ಪತ್ರಕ್ಕೆ ತಮ್ಮನ್ನು ಆಫ್ರಿಕನ್ನರ ನಿತ್ಯದಾಸನೆಂದು ಕರೆದುಕೊಂಡು ಸಹಿ ಹಾಕಿದರು. ಹಡಗು ಬಂದಿತೆಂದರೆ ಹಣ್ಣು, ನೀರು, ಔಷಧಿಗಳೊಡನೆ ಅದರ ಕತ್ತಲ ಒಡಲಿಗೆ ಇಳಿಯುತ್ತಿದ್ದರು. ಹುಣ್ಣುಗಳನ್ನು ತೊಳೆದು, ಆನಂತರವೇ ದೇವರ ಮಾತನಾಡುತ್ತಿದ್ದರು.

ಸತ್ಯವನ್ನು ಮರೆಮಾಚುವುದು ಭಕ್ತಿಯಲ್ಲ. ಕ್ಲಾವೆರರ ಮಾತನ್ನು ಆಫ್ರಿಕದ ನುಡಿಗಳಿಗೆ ತಿರುಗಿಸುತ್ತಿದ್ದ ದುಭಾಷಿಗಳೂ ಗುಲಾಮರೇ. ಅವರ ಒಡೆತನ ಯೇಸುಸಭೆಯ ಕಾಲೇಜಿನದು. ಸಂತರೂ ತಮ್ಮ ಕಾಲದ ಪಾಪದ ನಡುವೆಯೇ ಬಾಳಿದರು. 1654ರಲ್ಲಿ ಅವರು ತೀರಿಕೊಂಡ ಬಳಿಕ, ಪುನೀತ ಪದವಿಯ ವಿಚಾರಣೆಯಲ್ಲಿ ಸಾಕ್ಷಿ ನುಡಿದವರಲ್ಲಿ ಅಂದ್ರೇಸ್ ಸಕಬೂಚೆ ಮೊದಲಾದ ಈ ದುಭಾಷಿಗಳೂ ಇದ್ದರು. ಸಂತನ ಬದುಕನ್ನು ನಾವಿಂದು ಅರಿತಿರುವುದು ಬಹುಮಟ್ಟಿಗೆ ಬಂಧಿತರ ಬಾಯಿಂದಲೇ!

ಕೊಲಂಬಿಯಾದಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡದ್ದು 1852ರ ಜನವರಿ 1ರಂದು. ಜಗದ್ಗುರು ಹದಿಮೂರನೆಯ ಲಿಯೋರವರು ಕ್ಲಾವೆರರನ್ನು ಸಂತರೆಂದು ಸಾರಿದ್ದು 1888ರಲ್ಲಿ. ಅವರ ಹೆಸರಿನ ದೇವಾಲಯದ ಪೀಠದಡಿಯಲ್ಲಿ ಅವರ ಅಸ್ಥಿಗಳಿವೆ.

ಪ್ರಿಯ ಓದುಗರೇ, ಹಳೆಯ ನಗರಗಳಲ್ಲಿ ನಾವು ಕಟ್ಟಿಸಿದವರ ಹೆಸರನ್ನು ಓದುತ್ತೇವೆ, ಕಲ್ಲು ಹೊತ್ತವರ ಹೆಸರನ್ನು ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಹೆಣ್ಣುಮಗಳ ಪೂರ್ಣ ಹೆಸರು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ತೀರ್ಥಯಾತ್ರೆಯನ್ನು ಅಲ್ಲಿಂದಲೇ ಆರಂಭಿಸಬಹುದು.