64 ಬೈಟ್‌ನ ಖಾತೆ ಪುಸ್ತಕ: ಪಾರ್ಟಿಷನ್ ಕಾಣೆಯಾದ್ರೆ ಡೇಟಾ ಎಲ್ಲಿ ಹೋಗುತ್ತೆ?

 

ಈ ಸಲದ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಕಪ್ಪು ಪರದೆ ಇದೆ. ಅದರ ಮೇಲೆ ಬಿಳಿ ಅಕ್ಷರದಲ್ಲಿ ಎರಡು ಸಾಲು. ಮೊದಲ ಸಾಲು ‘ಎರರ್: ನೋ ಸಚ್ ಪಾರ್ಟಿಷನ್’. ಎರಡನೇದು ‘ಗ್ರಬ್ ರೆಸ್ಕ್ಯೂ’, ಪಕ್ಕದಲ್ಲಿ ಮಿಣಮಿಣ ಅನ್ನೋ ಕರ್ಸರ್. ಒಂದೇ ಲ್ಯಾಪ್‌ಟಾಪಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಹಾಕ್ಕೊಂಡವರಿಗೆ, ಅಂದ್ರೆ ಡ್ಯುಯಲ್ ಬೂಟ್ ಮಾಡ್ಕೊಂಡವರಿಗೆ, ಈ ಪರದೆ ನೋಡಿದ್ರೆ ಹೊಟ್ಟೆ ತಣ್ಣಗಾಗುತ್ತೆ.

ನನಗೂ ಆಯ್ತು. ತಪ್ಪು ನಂದೇ. ನನ್ನದು ಸೆಕೆಂಡ್ ಹ್ಯಾಂಡ್ ಹಳೇ ಲ್ಯಾಪ್‌ಟಾಪು, 500 ಜಿಬಿ ಹಾರ್ಡ್ ಡಿಸ್ಕು. ವಿಂಡೋಸಲ್ಲಿ ಟ್ಯಾಲಿ, ಲಿನಕ್ಸಲ್ಲಿ ಆಡಿಯೊ ಎಡಿಟಿಂಗ್. ಒಂದು ರಾತ್ರಿ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿದೆ. ಹೆಸರಿಲ್ಲದ, ಡ್ರೈವ್ ಅಕ್ಷರ ಇಲ್ಲದ ಒಂದು ದೊಡ್ಡ ತುಂಡು ಕಾಣಿಸ್ತು. ಸುಮ್ಮನೆ ಬಿದ್ದಿರೋ ಜಾಗ ಅಂದ್ಕೊಂಡು ಡಿಲೀಟ್ ಒತ್ತಿದೆ. ಅದೇ ನನ್ನ ಲಿನಕ್ಸ್ ಪಾರ್ಟಿಷನ್. ರೀಸ್ಟಾರ್ಟ್ ಮಾಡಿದಾಗ ಆ ಎರಡು ಸಾಲು.

ಆ ಪಾರ್ಟಿಷನ್ ಒಳಗೆ ನಮ್ಮ ದೊಡ್ಡಪ್ಪನ ಜೊತೆ ಮಾಡಿದ ಮೂರು ಗಂಟೆಯ ರೆಕಾರ್ಡಿಂಗ್ ಇತ್ತು. ದೊಡ್ಡಪ್ಪ ಸಾಗರದ ಕಡೆ ಅಡಿಕೆ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ರೆಕಾರ್ಡ್ ಮಾಡಿ ಎರಡು ತಿಂಗಳಿಗೆ ತೀರಿಕೊಂಡಿದ್ರು. ಬೇರೆ ಕಾಪಿ ಇರಲಿಲ್ಲ. ಬ್ಯಾಕಪ್ ಬಗ್ಗೆ ಯಾರೂ ಈಗ ಬೈಬೇಡಿ, ನಾನೇ ಸಾಕಷ್ಟು ಬೈಕೊಂಡಿದ್ದೀನಿ.

ಮಾರನೇ ದಿನ ಒಂದು ರಿಪೇರಿ ಅಂಗಡಿಗೆ ಹೋದೆ. ಅವರು ನೋಡಿದ ತಕ್ಷಣ, ‘ಎಲ್ಲ ಹೋಗಿದೆ ಸರ್, ಫಾರ್ಮ್ಯಾಟ್ ಹೊಡೆದು ಕೊಡ್ತೀನಿ’ ಅಂದ್ರು. ನಾನು ಹೂಂ ಅನ್ನೋದರಲ್ಲಿದ್ದೆ. ಆದ್ರೆ ‘ಎಲ್ಲ ಹೋಗಿದೆ’ ಅಂದ್ರೆ ನಿಜವಾಗಿ ಏನು ಹೋಗಿದೆ? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ನಾವು 1983ಕ್ಕೆ ಹೋಗಿ ನಿಲ್ತೀವಿ.

1983ರ ಮಾರ್ಚ್‌ನಲ್ಲಿ ಐಬಿಎಂ ಕಂಪನಿ ಪಿಸಿ ಎಕ್ಸ್‌ಟಿ ಅನ್ನೋ ಕಂಪ್ಯೂಟರ್ ಬಿಡುಗಡೆ ಮಾಡ್ತು. ಅದಕ್ಕಿಂತ ಮುಂಚಿನ ಐಬಿಎಂ ಪಿಸಿ ಫ್ಲಾಪಿ ನಂಬಿಕೊಂಡು ಬದುಕಿತ್ತು. ಎಕ್ಸ್‌ಟಿಗೆ ಒಳಗೇ ಒಂದು ಹಾರ್ಡ್ ಡಿಸ್ಕ್ ಇತ್ತು, 10 ಎಂಬಿ. ಇವತ್ತು ನಿಮ್ಮ ಫೋನಿನ ಎರಡು ಮೂರು ಫೋಟೊ ಹಿಡಿಸುವಷ್ಟು. ಆಗಿನ ಕಾಲಕ್ಕೆ ಅದು ದೊಡ್ಡ ಗೋದಾಮು.

ಆಗ ಒಂದು ಪ್ರಶ್ನೆ ಬಂತು. ಆ ಕಂಪ್ಯೂಟರಲ್ಲಿ ಡಾಸ್ ಓಡಿಸೋರಿದ್ರು, ಸಿಪಿ/ಎಂ-86 ಓಡಿಸೋರೂ ಇದ್ರು. ಫ್ಲಾಪಿ ಆದ್ರೆ ಒಂದನ್ನ ತೆಗೆದು ಇನ್ನೊಂದು ಹಾಕಬಹುದು. ಹಾರ್ಡ್ ಡಿಸ್ಕ್ ತೆಗೆಯೋಕಾಗಲ್ಲ. ಹಾಗಾದ್ರೆ ಒಂದೇ ಡಿಸ್ಕನ್ನ ಇಬ್ಬರು ಮೂವರು ಹಂಚಿಕೊಳ್ಳೋದು ಹೇಗೆ? ಎಕ್ಸ್‌ಟಿ ಜೊತೆ ಬಂದ ಡಾಸ್ 2.0ನಲ್ಲಿ ಇದಕ್ಕೆ ಉತ್ತರ ಇತ್ತು. ಡಿಸ್ಕನ್ನ ನಾಲ್ಕು ಪಾಲಿನ ತನಕ ಭಾಗ ಮಾಡಬಹುದು, ಯಾರ ಪಾಲು ಎಲ್ಲಿಂದ ಎಲ್ಲಿಗೆ ಅಂತ ಡಿಸ್ಕಿನ ಮೊಟ್ಟಮೊದಲ ಸೆಕ್ಟರಲ್ಲಿ ಬರೆದಿಡಬೇಕು. ಅದಕ್ಕೆ ಮಾಸ್ಟರ್ ಬೂಟ್ ರೆಕಾರ್ಡ್, ಎಂಬಿಆರ್ ಅಂತ ಹೆಸರು. ಅಂದ್ರೆ ಡ್ಯುಯಲ್ ಬೂಟ್ ಅನ್ನೋದು ಲಿನಕ್ಸ್ ಹುಡುಗರು ಆಮೇಲೆ ಕಂಡುಹಿಡಿದ ಕಸರತ್ತಲ್ಲ. ಪಾರ್ಟಿಷನ್ ಹುಟ್ಟಿದ ಕಾರಣಗಳಲ್ಲಿ ಅದೂ ಒಂದು.

ಆ ಸೆಕ್ಟರಿನ ಗಾತ್ರ 512 ಬೈಟ್. ಕಾಮರ್ಸ್ ಓದಿದವನು ನಾನು, ಲೆಕ್ಕ ಬಿಡಿಸಿ ಹೇಳ್ತೀನಿ. 446 ಬೈಟ್ ಕಂಪ್ಯೂಟರನ್ನ ಎಬ್ಬಿಸೋ ಪುಟ್ಟ ಪ್ರೋಗ್ರಾಂಗೆ. 64 ಬೈಟ್ ಪಾಲುಪಟ್ಟಿಗೆ. ಕೊನೆಯ 2 ಬೈಟ್ ಸಹಿ ಇದ್ದ ಹಾಗೆ. ಪಾಲುಪಟ್ಟಿಯಲ್ಲಿ ನಾಲ್ಕೇ ಸಾಲು, ಸಾಲಿಗೆ 16 ಬೈಟ್. ಒಂದು ಸಾಲಲ್ಲಿ ಏನಿರುತ್ತೆ? ಈ ಪಾಲು ಯಾವ ಜಾತಿದು, ಎಲ್ಲಿ ಶುರು, ಎಷ್ಟು ಉದ್ದ, ಇದರಿಂದ ಬೂಟ್ ಆಗಬೇಕಾ ಇಲ್ವಾ. ಅಷ್ಟೇ. ನಿಮ್ಮ ಫೈಲಿನ ಹೆಸರಿಲ್ಲ, ಫೋಟೊ ಇಲ್ಲ, ಹಾಡಿಲ್ಲ.

ನಾನು ಡಿಲೀಟ್ ಒತ್ತಿದಾಗ ಹೋಗಿದ್ದು ಆ 16 ಬೈಟಿನ ಒಂದು ಸಾಲು.

ದೊಡ್ಡಪ್ಪನ ರೆಕಾರ್ಡಿಂಗಲ್ಲಿ ಒಂದು ಕಡೆ ಇದೇ ಥರದ ಮಾತು ಬರುತ್ತೆ. ಒಂದು ಮಳೆಗಾಲ ಮಂಡಿಯ ಸೂರು ಸೋರಿ ಖಾತೆ ಪುಸ್ತಕ ಪೂರ್ತಿ ನೆನೆದು ಮುದ್ದೆ ಆಯ್ತಂತೆ. ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತ್ರಂತೆ. ‘ಪುಸ್ತಕ ಹೋದ್ರೆ ಮಾಲು ಹೋಗ್ತದಾ ಮಾರಾಯ?’ ಅಂತಾರೆ ದೊಡ್ಡಪ್ಪ. ಗೋದಾಮಲ್ಲಿ ಚೀಲ ಇದ್ದಲ್ಲೇ ಇತ್ತು. ಪ್ರತಿ ಚೀಲದ ಮೇಲೂ ಯಾರದ್ದು ಅಂತ ಗುರುತು ಇತ್ತು. ಒಂದೊಂದೇ ಗುರುತು ನೋಡಿ, ತೂಕ ಹಾಕಿ, ಹೊಸ ಪುಸ್ತಕ ಬರೆದ್ರಂತೆ. ಅವರು ಒಂದೇ ಒಂದು ಕಟ್ಟುನಿಟ್ಟು ಮಾಡಿದ್ರು: ಪುಸ್ತಕ ಮುಗಿಯೋ ತನಕ ಗೋದಾಮಿಗೆ ಹೊಸ ಚೀಲ ಇಳಿಸೋ ಹಾಗಿಲ್ಲ, ಇದ್ದಿದ್ದನ್ನ ಸರಿಸೋ ಹಾಗೂ ಇಲ್ಲ.

ಇದನ್ನ ನೆನಪಲ್ಲಿ ಇಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ. ಈಗ ಫಿನ್‌ಲ್ಯಾಂಡಿಗೆ ಹೋಗೋಣ. ಪಾರ್ಟಿಷನ್ ಕಳ್ಕೊಂಡವರ ಪಟ್ಟಿಯಲ್ಲಿ ನನಗಿಂತ ತುಂಬಾ ದೊಡ್ಡವರು ಒಬ್ಬರು ಅಲ್ಲಿದ್ದಾರೆ.

1991. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್‌ಗೆ 21 ವರ್ಷ. ತನ್ನ ಪಿಸಿಯಲ್ಲಿ ಮಿನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಇಟ್ಕೊಂಡು, ಅದರ ಪಕ್ಕದಲ್ಲೇ ತನ್ನದೇ ಹೊಸದೊಂದನ್ನ ಬರೀತಾ ಇದ್ದ. ಆಗಸ್ಟ್ 25ಕ್ಕೆ ಅದರ ಸುದ್ದಿಯನ್ನ ಜಗತ್ತಿಗೆ ಹೇಳಿದ್ದ. ಅದೇ ಮುಂದೆ ಲಿನಕ್ಸ್. ಒಂದು ದಿನ ಮೋಡೆಮ್ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಡಯಲ್ ಮಾಡೋಕೆ ಹೋದ. ಲಿನಕ್ಸಿನಂಥ ಸಿಸ್ಟಮ್‌ಗಳಲ್ಲಿ ಮೋಡೆಮ್ ಕೂಡ ಒಂದು ಫೈಲ್ ಥರ, ಹಾರ್ಡ್ ಡಿಸ್ಕ್ ಕೂಡ ಒಂದು ಫೈಲ್ ಥರ. ಹೆಸರು ತಪ್ಪಿತು. ಡಯಲ್ ಮಾಡೋ ಆಜ್ಞೆ ಮೋಡೆಮ್ ಬದಲು ಹಾರ್ಡ್ ಡಿಸ್ಕಿಗೆ ಹೋಯ್ತು. ಮಿನಿಕ್ಸ್ ಪಾರ್ಟಿಷನ್ನಿನ ಮುಖ್ಯವಾದ ಜಾಗದ ಮೇಲೆ ಅದು ಬರೆದುಬಿಡ್ತು. ಮಿನಿಕ್ಸ್ ಬೂಟ್ ಆಗೋದು ನಿಂತಿತು.

ಅವನ ಮುಂದೆ ಎರಡು ದಾರಿ ಇತ್ತು: ಮಿನಿಕ್ಸ್ ಮತ್ತೆ ಹಾಕ್ಕೊಳ್ಳೋದು, ಇಲ್ಲಾಂದ್ರೆ ತನ್ನ ಲಿನಕ್ಸನ್ನೇ ನಂಬಿ ಅದರ ಮೇಲೇ ಕೆಲಸ ಮಾಡೋದು. ಎರಡನೇದನ್ನ ಆರಿಸಿದ. ತನ್ನ ಆತ್ಮಕಥೆ ‘ಜಸ್ಟ್ ಫಾರ್ ಫನ್’ನಲ್ಲಿ ಈ ಪ್ರಸಂಗವನ್ನ ಅವನೇ ಹೇಳ್ಕೊಂಡಿದ್ದಾನೆ. ನಾನು ಇದನ್ನ ಓದಿದಾಗ ಸ್ವಲ್ಪ ಧೈರ್ಯ ಬಂತು, ಸುಳ್ಳು ಯಾಕೆ ಹೇಳ್ಲಿ.

ಲಿನಕ್ಸ್ ಬೆಳೆದ ಹಾಗೆ ಒಂದೇ ಡಿಸ್ಕಲ್ಲಿ ಇಬ್ಬರು ಬಾಡಿಗೆದಾರರು ಸಾಮಾನ್ಯ ಆಯ್ತು. ಬಾಗಿಲಲ್ಲಿ ನಿಂತು ‘ಯಾರ ಮನೆಗೆ?’ ಅಂತ ಕೇಳೋಕೆ ಒಬ್ಬ ಬೇಕಾಯ್ತು. ಅದೇ ಬೂಟ್ ಲೋಡರ್. 1992ರಲ್ಲಿ ವೆರ್ನರ್ ಆಲ್ಮೆಸ್‌ಬರ್ಗರ್ ‘ಲಿಲೊ’ ಬರೆದರು. ಅದು ಎದ್ದೇಳುವಾಗ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನ ಒಂದೊಂದಾಗಿ ಪರದೆ ಮೇಲೆ ಬರೀತಿತ್ತು. ಎರಡನೇ ಅಕ್ಷರಕ್ಕೆ ನಿಂತ್ರೆ ಒಂದು ರೋಗ, ಮೂರಕ್ಕೆ ನಿಂತ್ರೆ ಇನ್ನೊಂದು. 1995ರಲ್ಲಿ ಎರಿಕ್ ಬೋಲಿನ್ ‘ಗ್ರಬ್’ ಶುರು ಮಾಡಿದರು. 446 ಬೈಟಲ್ಲಿ ಪೂರ್ತಿ ಪ್ರೋಗ್ರಾಂ ಹಿಡಿಸಲ್ಲ ಅಲ್ವಾ? ಹಾಗಾಗಿ ಗ್ರಬ್‌ನ ಮೊದಲ ತುಂಡು ಮಾತ್ರ ಅಲ್ಲಿ ಕೂತಿರುತ್ತೆ, ದೊಡ್ಡ ಭಾಗ ಲಿನಕ್ಸ್ ಪಾರ್ಟಿಷನ್ ಒಳಗಿರುತ್ತೆ. ನಾನು ಆ ಪಾರ್ಟಿಷನ್ ಅಳಿಸಿದಾಗ ಗ್ರಬ್ ತನ್ನ ಮನೆಯನ್ನೇ ಕಳ್ಕೊಂಡು ಬೀದೀಲಿ ನಿಂತಿತ್ತು. ‘ನೋ ಸಚ್ ಪಾರ್ಟಿಷನ್’ ಅಂದ್ರೆ ಅದೇ.

ಇಲ್ಲೊಂದು ವ್ಯತ್ಯಾಸ ಗೊತ್ತಿದ್ರೆ ಅರ್ಧ ಭಯ ಹೋಗುತ್ತೆ. ವಿಂಡೋಸನ್ನ ಹೊಸದಾಗಿ ಹಾಕಿದಾಗ ಅದು ಆ 446 ಬೈಟಿನ ಜಾಗದಲ್ಲಿ ತನ್ನ ಪ್ರೋಗ್ರಾಂ ಬರೀತಿತ್ತು. ಆಗ ಲಿನಕ್ಸಿನ ಮೆನುವೇ ಬರಲ್ಲ, ಸೀದಾ ವಿಂಡೋಸ್. ಅದಕ್ಕೇ ‘ಮೊದಲು ವಿಂಡೋಸ್, ಆಮೇಲೆ ಲಿನಕ್ಸ್’ ಅನ್ನೋ ಗಾದೆ ಹುಟ್ಟಿದ್ದು. ಅಲ್ಲಿ ಬಾಗಿಲ ಕಾವಲುಗಾರ ಬದಲಾಗಿದ್ದಾನೆ, ಮನೆ ಹಾಗೇ ಇದೆ. ನನ್ನ ಕೇಸಲ್ಲಿ ಪಾಲುಪಟ್ಟಿಯ ಸಾಲೇ ಹೋಗಿತ್ತು. ಎರಡು ಬೇರೆ ರೋಗ, ಎರಡು ಬೇರೆ ಮದ್ದು. ಎರಡಕ್ಕೂ ಫಾರ್ಮ್ಯಾಟ್ ಮದ್ದಲ್ಲ.

ಇದಕ್ಕೆ ಒಳ್ಳೇ ಸಾಕ್ಷಿ 2004ರದ್ದು. ಆ ವರ್ಷ ಮೇ ತಿಂಗಳಲ್ಲಿ ಫೆಡೋರಾ ಕೋರ್ 2 ಅನ್ನೋ ಲಿನಕ್ಸ್ ಬಂತು. ಹಾಕ್ಕೊಂಡ ಹಲವರ ಲಿನಕ್ಸ್ ಚೆನ್ನಾಗೇ ಓಡ್ತು, ಆದ್ರೆ ಪಕ್ಕದ ವಿಂಡೋಸ್ ಎಕ್ಸ್‌ಪಿ ಏಳಲೇ ಇಲ್ಲ. ಆಗಿದ್ದೇನಂದ್ರೆ, ಪಾಲುಪಟ್ಟಿಯಲ್ಲಿ ವಿಳಾಸವನ್ನ ಎರಡು ಥರ ಬರೆದಿರ್ತಾರೆ. ಹಳೇ ಕಾಲದ ಸಿಲಿಂಡರ್-ಹೆಡ್-ಸೆಕ್ಟರ್ ಲೆಕ್ಕ ಒಂದು, ನೇರ ಸೆಕ್ಟರ್ ನಂಬರ್ ಇನ್ನೊಂದು. ಹೊಸ 2.6 ಕರ್ನಲ್ ಹಳೇ ಲೆಕ್ಕವನ್ನ ಊಹಿಸೋದು ನಿಲ್ಲಿಸಿತ್ತು. ಹಾಗಾಗಿ ಇನ್‌ಸ್ಟಾಲರ್ ಆ ಅಂಕಣದಲ್ಲಿ ಬೇರೆ ಅಂಕಿ ಬರೆದುಬಿಡ್ತು. ಲಿನಕ್ಸ್ ಆ ಅಂಕಣ ನೋಡ್ತಾನೇ ಇರಲಿಲ್ಲ, ವಿಂಡೋಸಿನ ಬೂಟ್ ನೋಡ್ತಿತ್ತು. ಎಷ್ಟೋ ಜನ ಎಲ್ಲ ಹೋಯ್ತು ಅಂತಲೇ ತಿಳ್ಕೊಂಡ್ರು. ನಿಜವಾಗಿ ಒಂದು ಫೈಲೂ ಅಲ್ಲಾಡಿರಲಿಲ್ಲ. ಆ ಅಂಕಿಗಳನ್ನ ಸರಿಯಾಗಿ ತಿರುಗಿ ಬರೆದಾಗ ಎಕ್ಸ್‌ಪಿ ಎದ್ದು ಕೂತಿತು.

ಹಳೇ ಪುಸ್ತಕದ ಮಿತಿಗಳು ಅಷ್ಟೊತ್ತಿಗೆ ಎದ್ದು ಕಾಣ್ತಿದ್ವು. ನಾಲ್ಕೇ ಸಾಲು, ಡಿಸ್ಕ್ 2 ಟಿಬಿ ದಾಟಿದ್ರೆ ಬರೆಯೋಕೆ ಅಂಕಿಯೇ ಸಾಲದು, ಎಲ್ಲಕ್ಕಿಂತ ಮುಖ್ಯ, ನಕಲು ಪ್ರತಿ ಇಲ್ಲ. ಇಂಟೆಲ್ ಶುರು ಮಾಡಿದ ಇಎಫ್‌ಐ ಯೋಜನೆಯ ಭಾಗವಾಗಿ ಜಿಪಿಟಿ ಅನ್ನೋ ಹೊಸ ಪಟ್ಟಿ ಬಂತು. ಅದರಲ್ಲಿ ಸಾಮಾನ್ಯವಾಗಿ 128 ಸಾಲು. ಪಟ್ಟಿಯ ಒಂದು ಪ್ರತಿ ಡಿಸ್ಕಿನ ಮೊದಲಲ್ಲಿ, ಇನ್ನೊಂದು ಕೊನೆಯಲ್ಲಿ. ಜೊತೆಗೆ ಲೆಕ್ಕ ತಾಳೆ ನೋಡೋಕೆ ಒಂದು ಚೆಕ್‌ಸಮ್. ಡಬಲ್ ಎಂಟ್ರಿ ಅಲ್ಲದಿದ್ರೂ ಕಾರ್ಬನ್ ಕಾಪಿ ಅಂತೂ ಸಿಕ್ಕಿತು.

ಆದ್ರೂ ಕಪ್ಪು ಪರದೆ ತಪ್ಪಲಿಲ್ಲ. 2024ರ ಆಗಸ್ಟ್ 13ಕ್ಕೆ ಮೈಕ್ರೋಸಾಫ್ಟ್ ಒಂದು ಭದ್ರತಾ ಅಪ್‌ಡೇಟ್ ಕೊಡ್ತು. ಗ್ರಬ್‌ನ ಒಂದು ಹಳೇ ದೋಷಕ್ಕೆ ಅದು ಬೇಲಿ. ಡ್ಯುಯಲ್ ಬೂಟ್ ಇರೋ ಕಂಪ್ಯೂಟರಿಗೆ ಅದು ಅನ್ವಯ ಆಗಬಾರದಿತ್ತು. ಆದ್ರೆ ಹಲವು ಕಡೆ ಆಗಿಬಿಡ್ತು. ಲಿನಕ್ಸ್ ಆನ್ ಮಾಡಿದವರಿಗೆ ‘ಏನೋ ಗಂಭೀರವಾಗಿ ಕೆಟ್ಟಿದೆ’ ಅನ್ನೋ ಅರ್ಥದ ಸಂದೇಶ ಬಂದು ಕಂಪ್ಯೂಟರ್ ನಿಂತೇ ಹೋಯ್ತು. ಅಲ್ಲೂ ಪಾರ್ಟಿಷನ್ ಇತ್ತು, ಪಟ್ಟಿ ಇತ್ತು, ಡೇಟಾ ಇತ್ತು. ಸೆಕ್ಯೂರ್ ಬೂಟ್ ಅನ್ನೋ ಗೇಟು ಮಾತ್ರ ಒಳಗೆ ಬಿಡ್ತಿರಲಿಲ್ಲ. ಅದನ್ನ ಬಯಾಸ್‌ನಲ್ಲಿ ತಾತ್ಕಾಲಿಕವಾಗಿ ಆಫ್ ಮಾಡಿದವರು ಒಳಗೆ ಹೋದ್ರು.

ಈಗ ನನ್ನ ಲ್ಯಾಪ್‌ಟಾಪಿಗೆ ವಾಪಸ್ ಬರೋಣ. ಅಂಗಡಿಯಿಂದ ಎತ್ಕೊಂಡು ಬಂದೆ. ಸ್ನೇಹಿತನೊಬ್ಬ ಫೋನಲ್ಲಿ ಹೇಳಿದ್ದು ಒಂದೇ ಮಾತು: ‘ಆ ಡಿಸ್ಕ್ ಮೇಲೆ ಏನೂ ಬರೀಬೇಡ.’ ದೊಡ್ಡಪ್ಪನ ಕಟ್ಟುನಿಟ್ಟೂ ಅದೇ ಅಲ್ವಾ?

ಮೊದಲು ಅವನ ಕಂಪ್ಯೂಟರಲ್ಲಿ ಒಂದು ಪೆನ್‌ಡ್ರೈವಿಗೆ ಲೈವ್ ಉಬುಂಟು ಹಾಕಿಸ್ಕೊಂಡೆ. ಲೈವ್ ಅಂದ್ರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿಂದಲೇ ಓಡೋದು, ನಮ್ಮ ಡಿಸ್ಕ್ ಮುಟ್ಟಲ್ಲ. ಆಮೇಲೆ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಕಡ ತಂದು, ನನ್ನ 500 ಜಿಬಿಯನ್ನ ಬೈಟ್ ಬೈಟಾಗಿ ಪೂರ್ತಿ ನಕಲು ತೆಗೆದೆ. ಐದು ಗಂಟೆ ಹಿಡೀತು. ಆಮೇಲೆ ಟೆಸ್ಟ್‌ಡಿಸ್ಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದಿದ್ದು. ಅದು ಮಾಡೋದು ದೊಡ್ಡಪ್ಪ ಮಾಡಿದ ಕೆಲಸವನ್ನೇ. ಖಾತೆ ಪುಸ್ತಕವನ್ನ ಪಕ್ಕಕ್ಕಿಟ್ಟು, ಡಿಸ್ಕನ್ನ ಉದ್ದಕ್ಕೂ ಓದ್ತಾ ಗುರುತು ಹುಡುಕುತ್ತೆ. ಲಿನಕ್ಸಿನ ಇಎಕ್ಸ್‌ಟಿ4 ಪಾರ್ಟಿಷನ್ ಶುರುವಾದ ಜಾಗದಿಂದ 1024 ಬೈಟ್ ದಾಟಿದ ಮೇಲೆ ಸೂಪರ್‌ಬ್ಲಾಕ್ ಅನ್ನೋ ದಾಖಲೆ ಇರುತ್ತೆ. ಅದರಲ್ಲಿ ಆ ಪಾರ್ಟಿಷನ್ ಎಷ್ಟು ದೊಡ್ಡದು ಅಂತಲೂ ಇರುತ್ತೆ. ಅದರ ಪ್ರತಿಗಳು ಒಳಗೆ ಬೇರೆ ಬೇರೆ ಕಡೆಯೂ ಇರ್ತವೆ. ಚೀಲದ ಮೇಲಿನ ಗುರುತು ಅಂದ್ರೆ ಇದೇ.

ಸ್ವಲ್ಪ ಹೊತ್ತಲ್ಲಿ ಪರದೆ ಮೇಲೆ ಒಂದು ಸಾಲು ಬಂತು: ಲಿನಕ್ಸ್, ಶುರು ಇಲ್ಲಿ, ಕೊನೆ ಇಲ್ಲಿ. ‘ಪಿ’ ಒತ್ತಿದ್ರೆ ಒಳಗಿನ ಫೈಲ್ ಪಟ್ಟಿ ಕಾಣುತ್ತೆ. ಒತ್ತಿದೆ. ‘ದೊಡ್ಡಪ್ಪ_ಮಂಡಿ_1’ ಅಂತ ಇತ್ತು. ಮೊದಲು ಅದನ್ನೇ ಹೊರಗೆ ಕಾಪಿ ಮಾಡ್ಕೊಂಡೆ. ಆಮೇಲೇ ‘ರೈಟ್’ ಒತ್ತಿದ್ದು. ಹೋಗಿದ್ದ 16 ಬೈಟ್ ವಾಪಸ್ ಕೂತವು. ರೀಸ್ಟಾರ್ಟ್ ಮಾಡಿದೆ, ಹಳೇ ಗ್ರಬ್ ಮೆನು ಏನೂ ಆಗೇ ಇಲ್ಲ ಅನ್ನೋ ಹಾಗೆ ಬಂತು.

ನಿಮಗೆ ಹೀಗಾದ್ರೆ ಇಷ್ಟು ನೆನಪಿಡಿ. ವಿಂಡೋಸ್ ‘ಈ ಡಿಸ್ಕ್ ಬಳಸೋಕೆ ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳಿದ್ರೆ ಕ್ಯಾನ್ಸಲ್ ಒತ್ತಿ. ಲಿನಕ್ಸ್ ಪಾರ್ಟಿಷನ್ ಅದಕ್ಕೆ ಓದೋಕೆ ಬರಲ್ಲ, ಅದಕ್ಕೇ ಖಾಲಿ ಅನ್ಕೊಳ್ಳುತ್ತೆ. ಎಸ್‌ಎಸ್‌ಡಿ ಇದ್ರೆ ಇನ್ನೂ ಹುಷಾರು. ಅಲ್ಲಿ ಫಾರ್ಮ್ಯಾಟ್ ಮಾಡಿದ್ರೆ ಟ್ರಿಮ್ ಅನ್ನೋ ಆಜ್ಞೆ ಹೋಗಿ ಹಳೇ ಡೇಟಾ ನಿಜವಾಗಿಯೂ ಅಳಿಸಿಹೋಗಬಹುದು. ಅಂದ್ರೆ ಪುಸ್ತಕದ ಜೊತೆ ಚೀಲವೂ ಹೋದ ಹಾಗೆ. ಬಯಾಸ್ ಸೆಟ್ಟಿಂಗ್ ಮುಟ್ಟೋ ಮುಂಚೆ ವಿಂಡೋಸಲ್ಲಿ ಬಿಟ್‌ಲಾಕರ್ ಆನ್ ಇದ್ಯಾ ನೋಡಿ, ಇದ್ರೆ ಅದರ ರಿಕವರಿ ಕೀ ಬರೆದಿಟ್ಕೊಳ್ಳಿ. ಡಿಸ್ಕೇ ಕಟಕಟ ಸದ್ದು ಮಾಡ್ತಿದ್ರೆ ಅದು ಪುಸ್ತಕದ ತೊಂದರೆ ಅಲ್ಲ, ಗೋದಾಮೇ ಕುಸೀತಿದೆ. ಆಫ್ ಮಾಡಿ, ತಿಳಿದವರ ಹತ್ರ ಕೊಡಿ.

ದೊಡ್ಡಪ್ಪನ ರೆಕಾರ್ಡಿಂಗ್ ಈಗ ಮೂರು ಕಡೆ ಇದೆ. ಅದರಲ್ಲಿ ಒಂದು ದೊಡ್ಡಮ್ಮನ ಫೋನಲ್ಲಿ. ಪಾರ್ಟಿಷನ್ ಕಥೆಯನ್ನ ಅವರಿಗೆ ಹೇಳಿದೆ. ‘ಅವರಿದ್ದಿದ್ರೆ ಅವತ್ತೇ ಬೈದು ಬೇರೆ ಪುಸ್ತಕಕ್ಕೆ ಬರೆಸ್ತಿದ್ರು’ ಅಂದ್ರು.

ನಿಮ್ಮ ಹತ್ರ ಒಂದೇ ಕಾಪಿ ಇರೋ ಫೈಲ್ ಯಾವುದು ಅಂತ ಒಂದ್ಸಲ ಯೋಚನೆ ಮಾಡಿ. ಈ ಎಪಿಸೋಡ್ ಮುಗಿದ ತಕ್ಷಣ ಅದನ್ನ ಇನ್ನೊಂದು ಕಡೆ ಹಾಕಿ.